ತಮ್ಮನ ಮಗಳಿಗೆ ನಾನಿಟ್ಟ ಹೆಸರು

ಅವ್ವ ಸತ್ತ ಸುದ್ದಿ ನನಗೆ ತಲುಪಿದ್ದು ತಿಥಿ ಮುಗಿದ ಮೇಲೆ. ಹುಲಿಕುಂಟೆಯಲ್ಲಿ ಊರಿಗೆ ಊರೇ ಉಂಡೆದ್ದ ಮರುದಿನ ತಮ್ಮ ಫೋನ್ ಮಾಡಿದ. ನಾನಾಗ ಇಸ್ರೇಲಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೆ.

"ಮೊದ್ಲೇ ಯೋಳಿದ್ರೆ ನೀನು ಓಡ್ಬಂದ್ಬುಡ್ತಿದ್ದೆ ಕಣಕ್ಕ. ಕೆಲ್ಸ ಹೋಗಿದ್ರೆ ಏನ್ ಮಾಡ್ತಿದ್ದೆ?" ಎಂದ.

ಫೋನಿನಲ್ಲಾದರೂ ಅವ್ವನ ಮುಖ ತೋರಿಸಬಹುದಿತ್ತಲ್ಲ ಎಂದು ಕೇಳಿದೆ.

"ಅಲ್ಲಿ ಒಬ್ಳೇ ಅಳ್ತಾ ಕೂತಿರ್ತೀಯ ಅಂತ ಸುಮ್ಕಾಗ್ಬುಟ್ಟೆ."

ನೆಂಟರಿಗೆಲ್ಲ ಬಾಯಿ ಮುಚ್ಚಿಸಿದ್ದವನೂ ಇವನೇ. ಹೆತ್ತವಳ ಮುಖವನ್ನು ಕೊನೆಯ ಸಲ ನೋಡುವುದು ಮಗಳ ಹಕ್ಕು. ಅದನ್ನು ಕಿತ್ತುಕೊಂಡವನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ. ಹೇಗೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಹೊಳೆಯುವಂತೆ ಮಾಡಿದವಳು ನನ್ನ ಮುದುಕಿ, ಪಾಪ, ತನಗೇ ತಿಳಿಯದೆ. ಅವಳು ಮುಂಬಯಿಯಲ್ಲಿ ಹುಟ್ಟಿ ಬೆಳೆದ ಯೆಹೂದಿ. ಅವಳ ಹಿಂದಿಗೂ, ಶಿರಾ ಪೇಟೆಯ ಬಳೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಗ ನಾನು ಕಲಿತ ಉರ್ದುವಿಗೂ ಚೆನ್ನಾಗಿ ಹೊಂದುತ್ತಿತ್ತು. ಶನಿವಾರ ಅವರಿಗೆ ವಿಶ್ರಾಂತಿಯ ದಿನ, ಒಲೆ ಹಚ್ಚುವುದಿಲ್ಲ. ಹಿಂದಿನ ದಿನವೇ ಹಚ್ಚಿಟ್ಟ ಕರೆಂಟಿನ ಬಿಸಿ ತಟ್ಟೆಯ ಮೇಲಿಟ್ಟ ಚಹಾ ಕುಡಿಯುತ್ತಾ ಅವಳು ಆ ವಾರದ ತೋರಾ ಪಾಠವನ್ನು ಓದಿ ನನಗೆ ಕಥೆ ಹೇಳುತ್ತಿದ್ದಳು. ಹಾಗೆ ವಾರ ವಾರ ಓದಿ ವರ್ಷಕ್ಕೊಮ್ಮೆ ಇಡೀ ಗ್ರಂಥವನ್ನು ಮುಗಿಸುವುದು ಅವರ ಪದ್ಧತಿ.

ಆ ವಾರದ ಪಾಠ ಒಬ್ಬನನ್ನೇ ಮದುವೆಯಾದ ಅಕ್ಕತಂಗಿಯರದು. ಗಂಡನಿಗೆ ತಂಗಿಯ ಮೇಲೆ ಪ್ರಾಣ, ಅಕ್ಕನ ಕಡೆ ಲಕ್ಷ್ಯವಿಲ್ಲ. ಅಕ್ಕ ಮೊದಲ ಮೂರು ಮಕ್ಕಳಿಗೂ ತನ್ನ ಸಂಕಟವನ್ನೇ ಹೆಸರಾಗಿ ಇಟ್ಟಳು. ನಾಲ್ಕನೆಯದು ಹುಟ್ಟಿದಾಗ ಮಾತ್ರ, ಈ ಸಲ ದೇವರಿಗೆ ಋಣಿಯಾಗಿರುತ್ತೇನೆ ಎಂದು ಆ ಅರ್ಥ ಬರುವ ಹೆಸರಿಟ್ಟಳು.

"ನೋಡು ಬೇಟಿ, ಮನೆಯವರು ಏನು ಕೊಡಲಿಲ್ಲ ಅನ್ನೋದನ್ನೇ ನೆನೆಸುತ್ತಾ ಕೂತರೆ ಕೈಯಲ್ಲಿರೋದು ಕಾಣಿಸೋದಿಲ್ಲ" ಎಂದಳು ಮುದುಕಿ.

ನಾನು ತಲೆಯಾಡಿಸಿದೆ. ಆದರೆ ನನಗೆ ಹಿಡಿಸಿದ್ದು ಮೊದಲ ಮೂರು ಹೆಸರುಗಳೇ. ತನ್ನ ಸಂಕಟವನ್ನು ಗಂಡನ ಬಾಯಿಂದಲೇ ದಿನಾ ಕೂಗಿಸಿದ ಆ ಹೆಂಗಸು ಎಂಥ ಬುದ್ಧಿವಂತೆ ಎನಿಸಿತು.

ಅಷ್ಟರಲ್ಲಿ ತಮ್ಮನಿಗೆ ಹೆಣ್ಣುಮಗು ಹುಟ್ಟಿತು. ನಮ್ಮ ಮನೆಯಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕಾದವಳು ಸೋದರತ್ತೆ. ಅವಳು ಹೇಳಿದ ಮೇಲೆ ಮುಗಿಯಿತು, ತಿದ್ದುವ ಹಾಗಿಲ್ಲ. ಬಾ ಅಕ್ಕ, ಬಾ ಅಕ್ಕ ಎಂದು ತಮ್ಮ ದಿನಾ ಗೋಗರೆದ. ಅವ್ವ ಸತ್ತಾಗ ಸಿಗದ ರಜೆ ಈಗ ಹೇಗೆ ಸಿಗುತ್ತದಪ್ಪ ಎಂದು ಚುಚ್ಚಿ, ರಜೆ ಹಾಕಿ ಹೊರಟೆ.

ಹಟ್ಟಿಯ ಮುಂದೆ ಶಾಮಿಯಾನ ಹಾಕಿದ್ದರು. ತಮ್ಮನ ಹೆಂಡತಿ ನನ್ನ ಕೈ ಹಿಡಿದು, "ಕೊನೇಲಿ ಅತ್ತೇಗೆ ಅನ್ನ ಕಲ್ಸಿ ತಿನ್ನಿಸ್ತಿದ್ದೋರು ಇವ್ರೇ ಕಣತ್ಗೆ" ಎಂದಳು. ಅದು ನನಗೆ ಬೇಕಿರಲಿಲ್ಲ. ತಮ್ಮ ಹತ್ತಿರ ಬಂದು ತಾನು ಆರಿಸಿದ್ದ ಹೊಸ ಕಾಲದ ಹೆಸರನ್ನು ಮೆಲ್ಲಗೆ ಹೇಳಿದ. ಹೂಂ ಎಂದೆ. ತೊಟ್ಟಿಲಿಗೆ ಬಗ್ಗಿ, ಮಗುವಿನ ಕಿವಿಯಲ್ಲಿ ಅವ್ವನ ಹೆಸರನ್ನು ಮೂರು ಸಲ ಹೇಳಿದೆ. ಎದ್ದು ನಿಂತು ಎಲ್ಲರಿಗೂ ಕೇಳುವ ಹಾಗೆ ಇನ್ನೊಂದು ಸಲ ಹೇಳಿದೆ. ತಮ್ಮನ ಮುಖ ಬಿಳಿಚಿಕೊಂಡಿತು. ನನಗೆ ಹೊಟ್ಟೆ ತುಂಬಾ ಉಂಡಷ್ಟು ಸಮಾಧಾನವಾಯಿತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಕುರಿದೊಡ್ಡಿಯ ಹತ್ತಿರ ಸಿಕ್ಕಿ, "ಯಾಕಕ್ಕ ಇಂಗ್ ಮಾಡ್ದೆ?" ಎಂದ.

"ದಿನಾ ಕೂಗು ಕಣ್ಲಾ. ಕೂಗ್ದಾಗೆಲ್ಲ ನೀನು ಮಾಡಿದ್ದು ನೆಪ್ಪಾಗ್ಲಿ."

ಗೆದ್ದೆ ಎಂದುಕೊಂಡು ವಿಮಾನ ಹತ್ತಿದೆ.

ಒಂದನ್ನು ಮರೆತಿದ್ದೆ. ನಮ್ಮ ಕಡೆ ಹಿರಿಯರ ಹೆಸರಿಟ್ಟ ಮಗುವನ್ನು ಮನೆಯವರು ಹೆಸರು ಹಿಡಿದು ಕೂಗುವುದಿಲ್ಲ, ಬೈಯುವುದಂತೂ ಇಲ್ಲವೇ ಇಲ್ಲ. ಮಗುವಿಗೆ ಈಗ ವರ್ಷ ತುಂಬಿದೆ. ಮೊನ್ನೆ ಫೋನ್ ಮಾಡಿದಾಗ ಅವನು ನಡುನಡುವೆ ಅದಕ್ಕೆ ಉಣ್ಣಿಸುವುದು ಕೇಳಿಸಿತು. "ಬಾರವ್ವ, ಒಂದ್ ತುತ್ತು ಉಣ್ಣವ್ವ, ನಮ್ಮವ್ವ ಅಲ್ವಾ." ಆ ದನಿಯಲ್ಲಿ ನೋವು ಎಲ್ಲಿದೆ ಎಂದು ಕಿವಿಗೊಟ್ಟು ಹುಡುಕಿದೆ, ಸಿಗಲಿಲ್ಲ. ಶಿಕ್ಷೆ ಕೊಡಲು ಹೋದವಳು ಅವ್ವನನ್ನೇ ಅವನ ಮನೆಗೆ ತಂದಿಟ್ಟು ಬಂದಿದ್ದೆ. ದಿನಕ್ಕೆ ನೂರು ಸಲ ಅವ್ವ ಎನ್ನುತ್ತಿದ್ದಾನೆ. ನನಗೆ ಹಾಗೆ ಕೂಗಲು ಇಲ್ಲಿ ಯಾರಿದ್ದಾರೆ? ಹೊಟ್ಟೆ ಉರಿಯಿತು.

ನಾಲ್ಕನೆಯ ಹೆಸರಿನ ವಿಷಯ ಮುದುಕಿ ಹೇಳಿದ್ದು ನೆನಪಿದೆ. ನಾನಿನ್ನೂ ಅಷ್ಟು ದೂರ ಬಂದಿಲ್ಲ. ಅವನನ್ನು ಕ್ಷಮಿಸಿದ್ದೇನೆ ಎಂದು ಯಾರೂ ತಿಳಿಯುವುದು ಬೇಡ.

"ಲೇ, ವೀಡಿಯೊ ಹಾಕು" ಎಂದೆ.

"ಯಾಕಕ್ಕ?"

"ಅವ್ವನ ಮುಖ ತೋರ್ಸು."

ಅವನು ಫೋನನ್ನು ಮಗುವಿನ ಕಡೆ ತಿರುಗಿಸಿದ. ನಾನು ಸಾಕು ಎನ್ನುವವರೆಗೂ ಕೈ ಇಳಿಸಲಿಲ್ಲ.