ಒಳಸುತ್ತಿಗೇ ಕೈ ನಿಲ್ಲಿಸಿದ ಸ್ಟೋರ್ ಅಕ್ಕ

ಮೊನ್ನೆ ನಡುಮನೆಯ ಫ್ಯಾನು ನಿಂತುಹೋಯಿತು. ಬಿಚ್ಚಿಕೊಂಡು ಹೋದ ರಿಪೇರಿಯವರು ಹೊಸ ತಂತಿ ಸುತ್ತಿಸಿ, ಮಾರನೆಯ ದಿನ ತಂದು ಹಾಕಿದರು. ಸ್ವಿಚ್ಚು ಒತ್ತಿದ ಐದು ನಿಮಿಷಕ್ಕೆ ಮನೆತುಂಬ ವಾರ್ನಿಷ್ ವಾಸನೆ. ಮಗಳು ಮೂಗು ಮುಚ್ಚಿಕೊಂಡು ಕಿಟಕಿ ತೆರೆದಳು. ನಾನು ಹುರಿಯುತ್ತಿದ್ದ ರವೆಯನ್ನು ಒಲೆಯ ಮೇಲೇ ಬಿಟ್ಟು ಬಂದು ಫ್ಯಾನಿನ ಕೆಳಗೆ ನಿಂತೆ. ರವೆ ಸೀದುಹೋಯಿತು…

ಆ ವಾಸನೆ ಅಂದರೆ ನನಗೆ ಎಂಬತ್ತರ ದಶಕದ ಬೆಂಗಳೂರಿನ ಮತ್ತಿಕೆರೆ. ಅಲ್ಲಿ ಕಲ್ನಾರು ಶೀಟಿನ ಒಂದು ಶೆಡ್ಡು. ಒಳಗೆ ನಾವು ಹನ್ನೊಂದು ಹೆಂಗಸರು ಚಿಕ್ಕ ಟ್ರಾನ್ಸ್‌ಫಾರ್ಮರ್‌ಗಳಿಗೆ ತಂತಿಯ ಕಾಯಿಲ್ ಸುತ್ತುತ್ತಿದ್ದೆವು. ಮಾಲೆಲ್ಲ ಹೋಗುತ್ತಿದ್ದದ್ದು ಜಾಲಹಳ್ಳಿ ಕಡೆಯ ಒಂದೇ ಒಂದು ದೊಡ್ಡ ಕಾರ್ಖಾನೆಗೆ. ನಮ್ಮ ಸ್ಟೋರ್ ನೋಡಿಕೊಳ್ಳುತ್ತಿದ್ದವರು ಧಾರವಾಡದ ಕಡೆಯಿಂದ ಬಂದ, ನಲವತ್ತು ದಾಟಿದ ಒಬ್ಬರು. ಎಲ್ಲರ ಬಾಯಲ್ಲೂ ಅವರು ಸ್ಟೋರ್ ಅಕ್ಕ. ಸೀರೆಯ ಮೇಲೊಂದು ಖಾಕಿ ಕೋಟು, ಅದರ ಜೇಬಿನಲ್ಲಿ ಹುರಿದ ಕಡಲೆಕಾಯಿ ಬೀಜ. ಕೈ ಚಾಚಿದರೆ ಸುಮ್ಮನೆ ಕೊಡುತ್ತಿರಲಿಲ್ಲ. "ಶೇಂಗಾ ಅನ್ರಿ ಮೊದಲ. ಅಂದ್ರ ಕೊಡ್ತೀನಿ" ಎಂದು ಸತಾಯಿಸುತ್ತಿದ್ದರು.

ನಮ್ಮ ಕೆಲಸದ ಕಷ್ಟ ಹೇಳಿದರೆ ಯಾರಿಗಾದರೂ ಅರ್ಥವಾಗುತ್ತದೆ. ಕಾಯಿಲ್‌ನಲ್ಲಿ ಎರಡು ಮಾದರಿ. ಒಳಸುತ್ತು ಎರಡಕ್ಕೂ ಒಂದೇ, ಹೊರಸುತ್ತು ಬೇರೆ ಬೇರೆ. ಸುತ್ತಿಯಾದ ಮೇಲೆ ವಾರ್ನಿಷ್‌ನಲ್ಲಿ ಅದ್ದಿ ಒಲೆಯಲ್ಲಿ ಬೇಯಿಸಬೇಕು. ಒಮ್ಮೆ ಬೆಂದರೆ ತಂತಿ ಕಲ್ಲಿನ ಹಾಗೆ, ಬಿಚ್ಚಲು ಬರುವುದಿಲ್ಲ. ದೊಡ್ಡ ಕಾರ್ಖಾನೆಯವರು ಇವತ್ತು ಇದು ಬೇಕು ಅನ್ನುವರು, ನಾಳೆ ಅದು ಅನ್ನುವರು. ಹಾಗಂತ ತಿಳಿಸುವ ಕಾಗದ ಟಪಾಲಿನಲ್ಲಿ ಬರುವಷ್ಟರಲ್ಲಿ ವಾರ ಕಳೆದಿರುತ್ತಿತ್ತು. ಅಷ್ಟರಲ್ಲಿ ನಾವು ಬೇಡದ ಮಾದರಿಯನ್ನು ರಾಶಿ ರಾಶಿ ಬೇಯಿಸಿ ಇಟ್ಟಿರುತ್ತಿದ್ದೆವು. ಅದು ಹಿತ್ತಲಿನ ಗುಜರಿ ಗುಡ್ಡೆಗೆ, ನಾವು ಭಾನುವಾರವೂ ಬೆಂಚಿಗೆ.

ಇದನ್ನು ನಿಲ್ಲಿಸಿದವರು ಸ್ಟೋರ್ ಅಕ್ಕ. ಹೇಗೆ ಅಂದರೆ, ಹೋಗಿ ಕೇಳಿದರು. ಅಷ್ಟೇ. ಅವರ ವಠಾರದಲ್ಲೇ ಆ ಕಾರ್ಖಾನೆಯ ಜೋಡಣೆ ವಿಭಾಗದ ಹೆಂಗಸೊಬ್ಬರಿದ್ದರು. ಬೆಳಿಗ್ಗೆ ಅವರು ಕಾರ್ಖಾನೆ ಬಸ್ಸಿಗೆ ಕಾಯುವಾಗ ಅಕ್ಕ ಹೋಗಿ ಪಕ್ಕ ನಿಲ್ಲುವರು. "ಈ ವಾರ ಯಾವುದು ಕೂಡಸ್ತೀರಿ? ನಮ್ಮಲ್ಲಿ ಸಣ್ಣ ತಂತಿ ಮುಗೀಲಿಕ್ಕೆ ಬಂದದ, ನಿಮ್ಮವ್ರಿಗೆ ಹೇಳಿರ್ರಿ." ಎರಡು ಮಾತು ಕೇಳಿ ಎರಡು ಮಾತು ಹೇಳಿ ಬರುತ್ತಿದ್ದರು. ಬಂದವರು ನಮಗೆ ಹೇಳುತ್ತಿದ್ದದ್ದು ಇಷ್ಟು: "ಒಳಸುತ್ತು ಮುಗಿಸಿ ಕೈ ನಿಲ್ಲಸ್ರಿ. ಹಿಟ್ಟ ನಾದಿ ಇಟ್ಟಂಗ. ಉಣ್ಣಾಕ ಬಂದವ್ರು ಚಪಾತಿ ಅಂತಾರೋ ಪೂರಿ ಅಂತಾರೋ ಕೇಳಿ, ಆಮ್ಯಾಲ ಲಟ್ಟಸೂಣು."

ಶೆಡ್ಡಿನ ಯಜಮಾನರಿಗೆ ಇದು ಸೇರಲಿಲ್ಲ. ತಟ್ಟೆ ತಟ್ಟೆಯಲ್ಲಿ ಅರ್ಧ ಸುತ್ತಿದ ಕಾಯಿಲ್ ಕಂಡರೆ ಅವರಿಗೆ ಮೈ ಉರಿಯುತ್ತಿತ್ತು.

"ಏನ್ರಮ್ಮಾ ಇದು, ಎಲ್ಲಾ ಅರ್ಧಂಬರ್ಧ?"

"ಅರ್ಧಾ ಅಲ್ರಿ ಸರ. ತಡಕೊಂಡದ್ದು."

"ಬಸ್ ಸ್ಟಾಪಲ್ಲಿ ಯಾರೋ ಏನೋ ಅಂದ್ರು ಅಂತ ನಾನು ಫ್ಯಾಕ್ಟ್ರಿ ನಡೆಸ್ಬೇಕಾ? ಆರ್ಡರ್ ಲೆಟರ್ ಇದೆ ಕೈಯಲ್ಲಿ. ಎಲ್ಲಾ ಮುಗ್ಸಿ, ಬೇಯ್ಸಿ!"

ಆ ಸೋಮವಾರ ಅಕ್ಕ ವಾರ್ನಿಷ್ ಕೋಣೆಗೆ ಬೀಗ ಹಾಕಿದರು. ಬೀಗದ ಕೈ ಸೆರಗಿಗೆ ಕಟ್ಟಿಕೊಂಡು ಬಾಗಿಲಿಗೆ ಅಡ್ಡವಾಗಿ ಸ್ಟೂಲು ಹಾಕಿ ಕುಳಿತರು. "ಮಾದರಿ ಬದಲಾಗೂದದ ಅಂತ, ಗುರುವಾರದ ತನಕ ತಡೀರಿ ಸರ. ನಾ ತಪ್ಪಿದ್ರ ನೀವ ಹೊರಗ ಹಾಕ್ರಿ." ಯಜಮಾನರು ಕೂಗಾಡಿದರು. ಅಕ್ಕ ಕಡಲೆಬೀಜದ ಸಿಪ್ಪೆ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತ ಕೇಳಿಸಿಕೊಂಡರು…

ಬುಧವಾರವೇ ದೊಡ್ಡ ಕಾರ್ಖಾನೆಯ ಜೀಪು ಬಂತು. ಇಳಿದವರು ಅವರ ಖರೀದಿ ಅಧಿಕಾರಿ. ಮಾದರಿ ಬದಲಾಗಿದೆ, ಜೋಡಣೆ ಸಾಲು ಖಾಲಿ ನಿಂತಿದೆ, ಬೇರೆ ಶೆಡ್ಡುಗಳಲ್ಲಿ ಎಲ್ಲ ಹಳೆಯದನ್ನೇ ಬೇಯಿಸಿ ಇಟ್ಟಿದ್ದಾರೆ, ನೀವೇನಾದರೂ ಮಾಡಬಲ್ಲಿರಾ ಎಂದರು. ಅಕ್ಕ ಎದ್ದು ಬೀಗ ತೆಗೆದರು. ನಾವು ಹನ್ನೊಂದು ಜನ ಹೊರಸುತ್ತು ಹಾಕಲು ಕುಳಿತೆವು. ಮಾರನೆಯ ಸಂಜೆ ಐದಕ್ಕೆ ಮಾಲು ಟೆಂಪೋ ಹತ್ತಿತು. ಒಂದೇ ಒಂದು ಕಾಯಿಲ್ ತಿರಸ್ಕೃತವಾಗಿ ವಾಪಸು ಬರಲಿಲ್ಲ. ಯಜಮಾನರು ಎಲ್ಲರಿಗೂ ಮೈಸೂರು ಪಾಕು ತರಿಸಿದರು.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಆ ಅಧಿಕಾರಿ ಶನಿವಾರ ಮತ್ತೆ ಬಂದರು. ಮೊದಲೇ ಗೊತ್ತಿರದೆ ಇಷ್ಟು ಬೇಗ ಆಗಲು ಸಾಧ್ಯವಿಲ್ಲ, ನಮ್ಮ ಒಳಗಿನ ಮಾತು ಹೊರಗೆ ಹೋಗುತ್ತಿದೆ, ಹೇಳಿದವರು ಯಾರು ಎಂದು ಹೆಸರು ಬರೆದು ಕ್ಷಮಾಪಣೆ ಪತ್ರ ಕೊಡಿ ಎಂದರು. ಕೊಡದಿದ್ದರೆ ಆರ್ಡರ್ ಇಲ್ಲ. ಯಜಮಾನರು ಬಿಳಿ ಹಾಳೆ, ಪೆನ್ನು ತಂದು ಅಕ್ಕನ ಮುಂದಿಟ್ಟರು.

"ಒಂದು ಹೆಸ್ರು ತಾನೇ? ಬರ್ದು ಮುಗ್ಸಿ ಅಮ್ಮಾ."

"ಬರಿಯಂಗಿಲ್ಲ."

"ಹನ್ನೊಂದು ಜನದ ಊಟ ಇದೆ ಇದ್ರಲ್ಲಿ!"

"ಅಕಿದೂ ಊಟ ಅದ ಸರ. ಮೂರು ಮಕ್ಕಳು ಅಕಿಗೆ." ಆಮೇಲೆ ಅಧಿಕಾರಿಯ ಕಡೆ ತಿರುಗಿ, "ನಿಮ್ಮ ಸಾಲು ನಿಲ್ಲಬಾರದು ಅಂತ ಅಕಿ ಹೇಳಿದ್ಳು, ನಾ ಕೇಳಿದೆ. ಇದರಾಗ ತಪ್ಪ ಎಲ್ಲೈತಿ, ತೋರಸ್ರಿ. ಬೇಕಾದ್ರ ನನ್ನ ಹೆಸರ ಬರಕೋರಿ, ದೊಡ್ಡದಾಗಿ" ಎಂದರು.

ಅಧಿಕಾರಿ ಅಕ್ಕನದೇ ಹೆಸರು ಬರೆದುಕೊಂಡರು. ಅವರನ್ನು ಕೆಲಸದಿಂದ ಬಿಡಿಸಿದರೆ ಆರ್ಡರ್ ಉಳಿಯುತ್ತದೆ ಎಂದಾಯಿತು. ಅಕ್ಕ ಕೋಟು ಬಿಚ್ಚಿ ಮಡಿಸಿ ಮೇಜಿನ ಮೇಲಿಟ್ಟು, ನಮ್ಮ ಬೆಂಚಿನ ಮುಂದೆಯೇ ನಡೆದುಹೋದರು. ನಾವು ಹನ್ನೊಂದು ಜನವೂ ಕೈಯಲ್ಲಿದ್ದ ತಂತಿಯನ್ನೇ ನೋಡುತ್ತಿದ್ದೆವು. ಒಬ್ಬರೂ ಏಳಲಿಲ್ಲ. ನಾನೂ ಏಳಲಿಲ್ಲ…

ಸ್ಟೋರ್ ನನ್ನ ಕೈಗೆ ಬಂತು. ಒಳಸುತ್ತಿಗೆ ನಿಲ್ಲಿಸುವ ಪದ್ಧತಿಯನ್ನು ನಾನು ಬಿಡಲಿಲ್ಲ, ಯಜಮಾನರೂ ಬಿಡು ಎನ್ನಲಿಲ್ಲ. ಅಷ್ಟೇ ಅಲ್ಲ, ಪ್ರತಿ ಶನಿವಾರ ತಾವೇ ಸ್ಕೂಟರಿನಲ್ಲಿ ಜಾಲಹಳ್ಳಿಗೆ ಹೋಗಿ ಮುಂದಿನ ವಾರದ ಮಾದರಿ ಕೇಳಿಕೊಂಡು ಬರತೊಡಗಿದರು. ಬಸ್ ಸ್ಟಾಪಿನಲ್ಲಿ ಕೇಳಿದರೆ ಕಳ್ಳತನ, ಅಧಿಕಾರಿಯ ಮೇಜಿನ ಮುಂದೆ ಕೇಳಿದರೆ ಜಾಣತನ! ಹಿತ್ತಲಿನ ಗುಡ್ಡೆ ಕರಗಿತು. ಭಾನುವಾರ ಮನೆಯಲ್ಲಿ ತಲೆಗೆ ಎಣ್ಣೆ ಹಚ್ಚಿಕೊಳ್ಳುವಷ್ಟು ಹೊತ್ತು ನಮಗೆ ಸಿಕ್ಕಿತು. ಅಕ್ಕ ವಠಾರ ಖಾಲಿ ಮಾಡಿ ಎಲ್ಲಿಗೋ ಹೋದರು. ಎಲ್ಲಿಗೆ ಎಂದು ನಾನು ಹುಡುಕಿದ್ದು ತಡವಾಗಿ, ತುಂಬ ತಡವಾಗಿ. ಹೋಗಿ ಬಾಗಿಲು ತಟ್ಟಿದಾಗ ಗೋಡೆಯ ಮೇಲೆ ಹಾರ ಹಾಕಿದ ಅವರ ಫೋಟೋ ಇತ್ತು.

ಹೋದ ತಿಂಗಳು ಯಜಮಾನರ ಮಗ ಫೋನ್ ಮಾಡಿದ್ದರು. ಕಂಪನಿಯ ನೆನಪಿನ ಸಂಚಿಕೆ ತರುತ್ತಾರಂತೆ, ಹಳಬರಲ್ಲಿ ಉಳಿದವಳು ನಾನಂತೆ. "ಅಪ್ಪ ಆ ಕಾಲಕ್ಕೇ ಎಷ್ಟು ಮುಂದಾಲೋಚನೆ ಮಾಡಿ ಪದ್ಧತಿ ತಂದ್ರು ಅಂತ ನಾಲ್ಕು ಮಾತು ಬರ್ದುಕೊಡಿ ಆಂಟಿ" ಎಂದರು. ನಾನು ಅಕ್ಕನ ಕಥೆಯನ್ನೆಲ್ಲ ಬರೆದು ಕಳಿಸಿದೆ. ನಿನ್ನೆ ಮತ್ತೆ ಫೋನ್.

"ಆಂಟಿ, ಇದು ಸ್ವಲ್ಪ… ಅಪ್ಪನ ಮರ್ಯಾದೆ ಪ್ರಶ್ನೆ. ಆ ಪತ್ರದ ವಿಷ್ಯ ತೆಗೆದ್ಬಿಡೋಣ್ವಾ?"

"ಒಂದಕ್ಷರ ತೆಗೆಯೋ ಹಾಗಿಲ್ಲಪ್ಪಾ. ಹಾಕೋದಾದ್ರೆ ಪೂರ್ತಿ ಹಾಕಿ."

ಹಾಕುವುದಿಲ್ಲ ಎಂದು ಗೊತ್ತು. ಅದಕ್ಕೇ ಇಲ್ಲಿ ಬರೆದಿದ್ದೇನೆ. ಮೂವತ್ತೈದು ವರ್ಷ ತಡವಾಗಿ ಬೆಂಚಿನಿಂದ ಎದ್ದಿದ್ದೇನೆ. ಅದನ್ನು ಕಾಣಬೇಕಾದ ಅಕ್ಕ ಇಲ್ಲ.