ಅವ್ವನ ಮೊಂಬಾಸಾ ವೀಸಾ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರಿಗೆ ವೀಸಾ ಎಂಬುದೊಂದು ಗೊತ್ತಿರಲಿಲ್ಲ. ಗೊತ್ತಿದ್ದರೆ ಗಾದೆ ಇನ್ನೂ ಸ್ವಲ್ಪ ಉದ್ದವಾಗುತ್ತಿತ್ತು. ಅಕ್ಕನ ಮದುವೆ ಮೊಂಬಾಸಾದಲ್ಲಿ ಎಂದು ಗೊತ್ತಾದಾಗ ನಾನು ಫೋರ್ಟಿನ ಕಡೆಯ ಒಂದು ಕಾಲೇಜಿನಲ್ಲಿ ಓದುತ್ತಿದ್ದೆ. ಐವತ್ತರ ದಶಕದ ನಡುವಿನ ಮಾತು. ಕಚೇರಿಗಳೆಲ್ಲ ಫೋರ್ಟಿನಲ್ಲೇ ಇದ್ದವು, ನನ್ನ ಇಂಗ್ಲಿಷೂ ಮನೆಯವರಿಗಿಂತ ಸಲೀಸಾಗಿತ್ತು, ಹಾಗಾಗಿ ಓಡಾಟವೆಲ್ಲ ನನ್ನ ಪಾಲಿಗೆ ಬಂತು. "ಈಕಿ ಬಾಯಿಗೆ ಸರಿಯಾದ ಕೆಲಸ ಸಿಕ್ತು ನೋಡು" ಎಂದು ಅಪ್ಪ ನಕ್ಕಿದ್ದರು.

ನಾವು ಧಾರವಾಡದವರು. ಅಪ್ಪ ವಿಕ್ರೋಳಿಯ ಕಾರ್ಖಾನೆಯೊಂದರ ಸ್ಟೋರಿನಲ್ಲಿ ಕೆಲಸಕ್ಕಿದ್ದರು, ಮನೆ ಆಂಟಾಪ್ ಹಿಲ್‌ನ ಚಾಳಿನಲ್ಲಿತ್ತು. ಹುಡುಗ ಗದಗಿನ ಕಡೆಯವನು, ಮೊಂಬಾಸಾದ ಬಂದರಿನಲ್ಲಿ ಗುಮಾಸ್ತ. ತಂದೆ ಇಲ್ಲದ ಅವನನ್ನು ಅಲ್ಲೇ ಅಂಗಡಿ ಇಟ್ಟಿದ್ದ ಅವನ ಕಾಕಾ ಬೆಳೆಸಿದ್ದರು. ರಜೆಯಲ್ಲಿ ಬಂದು ಅಕ್ಕನನ್ನು ನೋಡಿ ಒಪ್ಪಿ ಹೋಗಿದ್ದ. ಇನ್ನೊಂದು ರಜೆ ಸಿಗಬೇಕೆಂದರೆ ವರ್ಷಗಟ್ಟಲೆ ಕಾಯಬೇಕಿತ್ತು. ಅದಕ್ಕೇ ಕನ್ಯೆಯನ್ನು ಅಲ್ಲಿಗೇ ಕರೆದುಕೊಂಡು ಹೋಗಿ ಮದುವೆ ಮಾಡಿಕೊಡುವುದೆಂದು ಹಿರಿಯರು ಒಪ್ಪಿದರು. ಅಕ್ಕನ ಪ್ರವೇಶದ ಪರವಾನಗಿಯನ್ನು ಹುಡುಗ ಅಲ್ಲಿಂದಲೇ ಕಳಿಸಿಬಿಟ್ಟ. ಅಪ್ಪ ಅವ್ವನಿಗೆ ಬೇಕಾದದ್ದು ಮದುವೆ ಮುಗಿಸಿ ಹಿಂದಿರುಗಿ ಬರುವಷ್ಟು ದಿನದ ಸಂದರ್ಶಕರ ವೀಸಾ. ನಾನು ಮನೆ ಕಾಯುವವಳು.

ಮೊದಲು ಪಾಸ್‌ಪೋರ್ಟು. ಆ ಕಾಲಕ್ಕೆ ಗಂಡನ ಪಾಸ್‌ಪೋರ್ಟಿನಲ್ಲೇ ಹೆಂಡತಿಯನ್ನೂ ಸೇರಿಸಬಹುದಿತ್ತು. ಒಂದೇ ಪುಸ್ತಕ, ಒಳಗೆ ಇಬ್ಬರ ಫೋಟೋ. ಅವ್ವ ಒಂದೇ ಒಂದು ಸಲ ಕೇಳಿದ್ದಳು.

"ನನಗೂ ಒಂದು ಬ್ಯಾರೆ ಮಾಡಸಬಾರದೇನ್ರಿ?"

"ಗಂಡ ಹೆಂಡ್ತಿಗೆ ಎರಡು ಯಾತಕ್ಕ? ನಾ ಎಲ್ಲಿ ಇರ್ತೀನಿ ಅಲ್ಲೇ ನೀ ಇರ್ತಿ."

ಅಪ್ಪ ಅದನ್ನು ಪ್ರೀತಿಯಿಂದಲೇ ಹೇಳಿದ್ದರು. ಮಾಟುಂಗಾದ ಸ್ಟುಡಿಯೋದಲ್ಲಿ ಅವ್ವ ಉಸಿರು ಬಿಗಿಹಿಡಿದು ಫೋಟೋಕ್ಕೆ ಕೂತಳು. ಸಿಡುಬಿನ ಲಸಿಕೆ ಹಾಕಿಸಿಕೊಂಡು ಬಂದ ಮೇಲೆ ತೋಳು ಬಾತು ಜ್ವರ ಬಂತು. ಆ ಜ್ವರದಲ್ಲೇ ಮಗಳಿಗಾಗಿ ಶಾವಿಗೆ ಒಣಗಿಸಿದಳು, ಅರಿಸಿನ ಕುಟ್ಟಿದಳು, ಹಡಗಿನಲ್ಲಿ ಕೆಡದಂಥ ಉಂಡಿಗಳನ್ನು ಕಟ್ಟಿ ಡಬ್ಬಿ ತುಂಬಿದಳು. ಚಾಳಿನ ಹೆಂಗಸರಿಗೆಲ್ಲ ಮೊಂಬಾಸಾ ಎಂಬುದು ಕಲ್ಯಾಣದಾಚೆಯ ಒಂದು ಸ್ಟೇಷನ್ ಎಂಬಷ್ಟು ಪರಿಚಯವಾಗಿಹೋಗಿತ್ತು.

ವೀಸಾ ಕಚೇರಿಗೆ ಅಪ್ಪನ ಜೊತೆ ನಾನೂ ಹೋದೆ. ಕಿಟಕಿಯ ಹಿಂದೆ ಫ್ರಾಕು ತೊಟ್ಟ ಮಧ್ಯವಯಸ್ಸಿನ ಹೆಂಗಸೊಬ್ಬಳು ಕೂತಿದ್ದಳು. ಪಾಸ್‌ಪೋರ್ಟು ತೆರೆದಳು, ಮೊಂಬಾಸಾದಿಂದ ಬಂದಿದ್ದ ಜಾಮೀನು ಪತ್ರವನ್ನು ಪಕ್ಕಕ್ಕಿಟ್ಟುಕೊಂಡು ಒಂದು ಸಲ ಓದಿದಳು, ಅವ್ವನ ಫೋಟೋದ ಮೇಲೆ ಬೆರಳಿಟ್ಟಳು.

"ಯೇ ಬಾಯಿ ಕಾ ನಾಮ್ ಕಿಧರ್ ಹೈ?"

ಪತ್ರದಲ್ಲಿ ಅವ್ವನ ಹೆಸರು ಎಲ್ಲೂ ಇರಲಿಲ್ಲ. ಹುಡುಗನ ಕಾಕಾ ಜಾಮೀನು ಪತ್ರವನ್ನು ಥೇಟ್ ಲಗ್ನಪತ್ರಿಕೆಯ ಹಾಗೆ ಬರೆದಿದ್ದರು. ಅಪ್ಪನ ಹೆಸರು, ಅಪ್ಪನ ತಂದೆಯ ಹೆಸರು, ಊರು, ಉದ್ಯೋಗ, ಕೊನೆಗೆ 'ಸಹಕುಟುಂಬ' ಎಂಬುದರ ಇಂಗ್ಲಿಷು. ನಮ್ಮಲ್ಲಿ ಕರೆಯೋಲೆ ಹೋಗುವುದೇ ಹಾಗೆ. ಯಾವ ಹೆಂಗಸೂ ಅದರಿಂದ ಮದುವೆ ತಪ್ಪಿಸಿಕೊಂಡದ್ದಿಲ್ಲ. ಆದರೆ ಮೊಂಬಾಸಾದ ಅಧಿಕಾರಿಗಳು ಲಗ್ನಪತ್ರಿಕೆ ಓದುವವರಲ್ಲ. ಹೆಸರಿದ್ದ ಒಬ್ಬರಿಗೆ ಒಪ್ಪಿಗೆ ಕೊಟ್ಟು ಕಳಿಸಿದ್ದರು. ಬೇಕಾದರೆ ಆ ಒಬ್ಬರು ಯಾರೆಂಬುದನ್ನು ಬದಲಿಸಿಕೊಡಬಹುದು, ಇನ್ನೊಬ್ಬರನ್ನು ಸೇರಿಸಬೇಕಾದರೆ ಮತ್ತೆ ಅಲ್ಲಿಂದ ಬರಬೇಕು, ತಿಂಗಳುಗಟ್ಟಲೆ ಆಗುತ್ತದೆ ಎಂದು ಆಕೆ ಹೇಳಿದಳು. ಹಡಗಿಗೆ ಅಷ್ಟು ದಿನ ಇರಲಿಲ್ಲ. ಅಕ್ಕನ ಪರವಾನಗಿಗೂ ಅವಧಿ ಇತ್ತು.

ನಾನು ವಾದ ಮಾಡಿದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂಬುದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳಬೇಕೋ ತಿಳಿಯದೆ ದನಿಯನ್ನಷ್ಟೇ ಏರಿಸಿದೆ. ಅಪ್ಪ ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು.

ಅವತ್ತು ಸಂಜೆ ಹುಡುಗನ ಕಾಕಾನಿಗೆ ತಂತಿ ಹೋಯಿತು, ಉತ್ತರವೂ ಬೇಗನೆ ಬಂತು. ತಪ್ಪಾಯಿತು, ಬೀಗಿತ್ತಿಯ ಹೆಸರು ಏನು, ತಿಳಿಸಿ ಎಂದಿತ್ತು. ನನ್ನ ಸಿಟ್ಟು ನೆತ್ತಿಗೇರಿತು. ಮಗಳನ್ನು ಒಪ್ಪಿಕೊಂಡರು, ಜಾತಕ ನೋಡಿದರು, ಗೋತ್ರ ಕೇಳಿದರು, ಹೆತ್ತವಳ ಹೆಸರೇನೆಂದು ಆ ಮನೆಯಲ್ಲಿ ಒಬ್ಬರೂ ಕೇಳಿರಲಿಲ್ಲ. ನಾವೂ ಹೇಳಿರಲಿಲ್ಲ.

ಅಪ್ಪ ಒಬ್ಬರೇ ಕೂತು ಧಾರೆ ಎರೆಯಬಹುದೇ ಎಂದು ಕೇಳಲು ಮಾಟುಂಗಾದಿಂದ ಆಚಾರ್ಯರನ್ನು ಕರೆಸಿದರು. ನಮ್ಮ ಮನೆಯ ಪೂಜೆ ಪುನಸ್ಕಾರಗಳಿಗೆಲ್ಲ ಬರುತ್ತಿದ್ದವರು, ಒಳ್ಳೆಯ ಮನುಷ್ಯ. ಕೇಳಿದ ಕೂಡಲೇ ಅವರ ಮುಖದ ಗಂಟು ಬಿಚ್ಚಿತು.

"ಇದಕ್ಯಾಕ ಇಷ್ಟು ಚಿಂತಿ ಮಾಡ್ತೀರಿ ರಾಯರ? ಶಾಸ್ತ್ರದಾಗ ದಾರಿ ಅದ. ಹೆಂಡ್ತಿ ಹತ್ರ ಇರದಿದ್ರ ಸೊಂಟಕ್ಕ ಒಂದು ಅಡಿಕಿ ಸಿಗಿಸಿಕೊಂಡು ಕೂಡೋದು. ಆಕೀನ ಬಂದು ಕೂತಂಗ. ನೀವು ನಿಶ್ಚಿಂತ ಹೋಗಿ ಕನ್ಯಾದಾನ ಮಾಡಿ ಬರ್ರಿ."

ಅಪ್ಪನಿಗೆ ಜೀವ ಬಂದಂತಾಯಿತು. ಮಗಳನ್ನು ಧಾರೆ ಎರೆಯುವುದೆಂದರೆ ಅಪ್ಪನಿಗೆ ಸಣ್ಣ ಮಾತಾಗಿರಲಿಲ್ಲ. ಅಂದು ಹೇಳಬೇಕಾದ ಮಂತ್ರಗಳನ್ನು ವಿಕ್ರೋಳಿಗೆ ಹೋಗುವ ಲೋಕಲ್‌ನಲ್ಲಿ ನಿಂತು ಬಾಯಿಪಾಠ ಮಾಡುತ್ತಿದ್ದರು. ಆಗ ಒಳಗಿನಿಂದ ಅವ್ವ ಬಂದು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಆಚಾರ್ಯರ ಎದುರು ಅವಳು ದನಿ ಎತ್ತಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಈ ಹುಡುಗೀನ ಅಡಿಕಿ ಹಡದದೇನ್ರಿ ಆಚಾರ್ಯರ?"

ನನಗೆ ಸುಮ್ಮನಿರಲು ಬರುವುದಿಲ್ಲವಲ್ಲ, ನಾನು ಕೇಳಿದೆ: "ಮತ್ತ ಗಂಡ ಇರ್ಲಿಲ್ಲಂದ್ರ ಹೆಂಗಸು ಸೊಂಟಕ್ಕ ಏನು ಸಿಗಿಸಿಕೋಬೇಕ್ರಿ?"

ಆಚಾರ್ಯರು ಸಿಟ್ಟಾಗಲಿಲ್ಲ. ಸ್ವಲ್ಪ ಯೋಚಿಸಿ, "ಹಂಗ ಯಾರೂ ಕೇಳಿಲ್ಲವ್ವಾ ಇಲ್ಲೀತನಕ" ಎಂದರು. ಅವರು ಹೋದ ಮೇಲೆ ಅಕ್ಕ ಮೂಲೆಯಲ್ಲಿ ಕೂತು ಅಳತೊಡಗಿದಳು. ಅವ್ವ ಬರದಿದ್ದರೆ ನಾನು ಹಡಗು ಹತ್ತುವುದಿಲ್ಲ ಎಂದಳು. ಅಪ್ಪ ಬರದಿದ್ದರೂ ಹಾಗೇ ಹೇಳುತ್ತಿದ್ದಳೇನೋ, ಆದರೆ ಅಂದು ಹೇಳಿದ್ದು ಅವ್ವನ ಹೆಸರಿನಲ್ಲಿ. ಅದು ಅಪ್ಪನಿಗೆ ನಾಟಿದ್ದು ನನಗೆ ಕಾಣಿಸಿತು, ಅವರ ಮೇಲೆ ನನಗೆ ಕನಿಕರವೂ ಆಯಿತು.

ಆಮೇಲೆ ಕೆಲವು ದಿನ ಅವ್ವ ಮುನಿಸಿಕೊಂಡು ಪಾತ್ರೆ ಕುಕ್ಕಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಅಪ್ಪನ ಹೊಸ ಕೋಟಿಗೆ ಗುಂಡಿ ಹೊಲಿದಳು, ಅವರ ಧೋತರ ಮಡಿಚಿ ಟ್ರಂಕಿನಲ್ಲಿಟ್ಟಳು. ತನ್ನ ಸೀರೆಗಳನ್ನು ಅದೇ ಟ್ರಂಕಿನಿಂದ ತೆಗೆದು ಗೂಟಕ್ಕೆ ಹಾಕಿದಳು. ಅಪ್ಪ ಅದನ್ನು ನೋಡುತ್ತ ಕೂತಿದ್ದರು.

ಮರುದಿನ ಅವರು ಕಾರ್ಖಾನೆಗೆ ಹೋಗದೆ ಅರ್ಧದಾರಿಯಿಂದಲೇ ತಿರುಗಿ ಬಂದರು. ಕುರ್ಲಾದಲ್ಲಿ ಗಾಡಿ ಬದಲಿಸುವುದಕ್ಕೆಂದು ಇಳಿದವರು ಎದುರಿನ ಗಾಡಿ ಹತ್ತಿ ವಾಪಸಾಗಿದ್ದರು. ಚಪ್ಪಲಿ ಬಿಡುತ್ತಲೇ ಹೇಳಿದರು.

"ನಾ ಹೋದ್ರ ಮದುವಿ ಆಗ್ತದ. ಆಕಿ ಹೋದ್ರ ಹುಡುಗಿಗೆ ತವರುಮನಿ ಬಂದಂಗ ಆಗ್ತದ. ಆಕೀನ ಹೋಗ್ಲಿ."

"ಮತ್ತ ಧಾರಿ ಯಾರು ಎರೀಬೇಕು?" ಎಂದಳು ಅವ್ವ.

"ನಮ್ಮ ಕಡೆಯವರು ಯಾರರೆ ದಂಪತಿ ಅಲ್ಲಿರ್ತಾರ. ಅವರು ಎರೀತಾರ."

ಇಪ್ಪತ್ತು ವರ್ಷ ಸಾಕಿದ ಮಗಳನ್ನು ಪರವೂರಿನ ಯಾರೋ ಧಾರೆ ಎರೆಯುತ್ತಾರೆಂದು ತಾವೇ ಒಪ್ಪಿಕೊಳ್ಳುವುದು ಎಂಥ ಕಷ್ಟವೆಂದು ನನಗೆ ಅಂದು ಪೂರ್ತಿ ತಿಳಿಯಲಿಲ್ಲ. ನನ್ನ ಮಗಳ ಮದುವೆಯ ದಿನ ನನ್ನ ಗಂಡನ ಮುಖ ನೋಡಿದಾಗ ತಿಳಿಯಿತು.

ಈಗ ಅವ್ವನಿಗೆ ಬೇರೆ ಪಾಸ್‌ಪೋರ್ಟು ಬೇಕಾಯಿತು. ಅಪ್ಪನ ಪುಸ್ತಕದಲ್ಲಿ ಅವಳ ಫೋಟೋ ಇತ್ತು ನಿಜ, ಆದರೆ ಅದನ್ನು ಹಿಡಿದು ಅಪ್ಪ ಒಬ್ಬರೇ ಹೋಗಬಹುದಿತ್ತು, ಅವಳೊಬ್ಬಳೇ ಹೋಗುವಂತಿರಲಿಲ್ಲ. ಅಡಿಕೆಯ ಕಾಯಿದೆ ಅಲ್ಲೂ ಇತ್ತು. ಬೇರೆಯದನ್ನು ಮಾಡಿಸಲು, ನನ್ನ ಹೆಂಡತಿ ಒಬ್ಬಳೇ ಪರದೇಶಕ್ಕೆ ಹೋಗಲು ನನ್ನ ಅಭ್ಯಂತರವಿಲ್ಲ ಎಂದು ಗಂಡ ಬರೆದುಕೊಡಬೇಕು ಎಂದರು. ಅಪ್ಪ ತಮ್ಮ ಕಾರ್ಖಾನೆಯ ಇಂಗ್ಲಿಷಿನಲ್ಲಿ ಅದನ್ನು ಬರೆದು, ಕನ್ನಡದಲ್ಲಿ ಅವ್ವನಿಗೆ ಓದಿ ಹೇಳಿದರು. ಅವ್ವ ಮುಗುಳ್ನಕ್ಕಳು.

"ನೀವು ಹೊಂಟಾಗ ನನ್ನ ಅಭ್ಯಂತರ ಯಾರೂ ಕೇಳಲಿಲ್ಲಲ್ರಿ?"

ಅಪ್ಪ ಪೆನ್ನಿನ ಮುಚ್ಚಳ ಹಾಕುತ್ತ, "ಕೇಳಿದ್ರ ಏನಂತಿದ್ದಿ?" ಎಂದರು.

"ಹೋಗಿ ಬರ್ರಿ ಅಂತಿದ್ದೆ. ಕೇಳಬೇಕಾಗಿತ್ತು."

ಹಡಗಿನ ದಿನ ಹತ್ತಿರ ಬರುತ್ತಿದ್ದ ಹಾಗೆ ಪಾಸ್‌ಪೋರ್ಟು ಬಂತು. ಮೊಂಬಾಸಾದಿಂದ ಹೆಸರು ಬದಲಿಸಿದ ತಂತಿ ಬಂತು. ಅದೇ ಫ್ರಾಕಿನ ಹೆಂಗಸು ಅವ್ವನ ಪುಸ್ತಕದ ಮೇಲೆ ಮುದ್ರೆ ಒತ್ತಿದಳು. ಸಹಿ ಮಾಡಿ ಎಂದಾಗ ಅವ್ವ ಕನ್ನಡದಲ್ಲಿ ತನ್ನ ಹೆಸರನ್ನು ನಿಧಾನವಾಗಿ, ರಂಗೋಲಿಯ ಎಳೆ ಎಳೆದ ಹಾಗೆ ಬರೆದಳು. ಹಿಂದಿದ್ದವರು ಗೊಣಗಿದರು. ನಾನು ತಿರುಗಿ ನೋಡಿದೆ, ಸುಮ್ಮನಾದರು.

ಬ್ಯಾಲಾರ್ಡ್ ಪಿಯರ್‌ನಲ್ಲಿ ಅಕ್ಕನೂ ಅವ್ವನೂ ಉಂಡಿಯ ಡಬ್ಬಿಗಳ ಜೊತೆ ಹಡಗಿನ ಏಣಿ ಹತ್ತಲು ನಿಂತರು. ಅಪ್ಪ ಅಕ್ಕನ ತಲೆಯ ಮೇಲೆ ಕೈಯಿಟ್ಟು, ಅವ್ವನ ಕಡೆ ತಿರುಗಿ "ಪಾಸ್‌ಪೋರ್ಟ್ ಸೆರಗಿನ್ಯಾಗ ಕಟ್ಟಿಕೋಬ್ಯಾಡ, ತೊಯ್ತದ" ಎಂದರು.

ಮದುವೆಯ ದಿನ ಅವರು ರಜೆ ಹಾಕಿದರು. ಬೆಳಿಗ್ಗೆ ಸ್ನಾನ ಮಾಡಿ, ಹೊಸ ಕೋಟು ಹಾಕಿಕೊಂಡು, ಮನೆಯೊಳಗೇ ಕುರ್ಚಿಯಲ್ಲಿ ಕೂತರು. ನಾನು ಮಾಡಿದ ಹೋಳಿಗೆ ಹರಿದಿತ್ತು, ಅದನ್ನೇ ತಿಂದರು. "ಈಗ ಆಗಿರಬೇಕಲ್ಲ?" ಎಂದು ಕೇಳಿದರು. ಸ್ವಲ್ಪ ಹೊತ್ತಿಗೆ ಮತ್ತೆ ಕೇಳಿದರು. ನಾನು ಪ್ರತಿ ಸಲವೂ ಆಗಿರಬೇಕು ಅಪ್ಪಾ ಎಂದೆ. ಅವರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಅಂದು ನನ್ನ ಬಾಯಿ ಜೋರೆಲ್ಲ ಎಲ್ಲಿ ಹೋಗಿತ್ತೋ.

ಅವ್ವ ತಿರುಗಿ ಬಂದದ್ದು ಮಳೆಗಾಲ ಹಿಡಿಯುವ ಮೊದಲು. ಬಿಸಿಲಿಗೆ ಕಪ್ಪಾಗಿದ್ದಳು, ನಡಿಗೆ ಬೇರೆಯಾಗಿತ್ತು, ಜೊತೆಗೆ ಗೋಡಂಬಿಯ ಒಂದು ಚೀಲ. ಮನೆಗೆ ಬಂದು ಕಾಲು ತೊಳೆದು ಚಹಾ ಕುಡಿಯುವ ತನಕ ಅಪ್ಪ ತಡೆದುಕೊಂಡಿದ್ದರು.

"ಧಾರಿ ಯಾರು ಎರದ್ರು?"

"ನಾನ" ಎಂದಳು ಅವ್ವ.

ಅಪ್ಪ ಬಟ್ಟಲು ಕೆಳಗಿಟ್ಟರು. ಗೊತ್ತುಮಾಡಿದ್ದ ದಂಪತಿ ಬಂದು ಮಣೆಯ ಮೇಲೆ ಕೂತಿದ್ದರಂತೆ. ಅಕ್ಕ ಅವರ ಕೈಗೆ ತನ್ನ ಕೈ ಕೊಡಲೇ ಇಲ್ಲವಂತೆ. ಬೀಗರು ಗಡಿಬಿಡಿಗೊಂಡರಂತೆ. ಅಲ್ಲಿಯ ಪುರೋಹಿತರು ಗುಜರಾತಿನ ಮುದುಕರು. ತಾಯಿ ಎದುರಿಗೇ ಕೂತಿದ್ದಾಳೆ, ತಾಯಿಯೂ ಕೊಡಬಹುದೆಂದು ಶಾಸ್ತ್ರದಲ್ಲೇ ಇದೆ, ಎದ್ದು ಬಾ ಬೆಹನ್ ಎಂದು ಇವಳನ್ನು ಕರೆದರಂತೆ. ಇದನ್ನೆಲ್ಲ ಅವ್ವ ಪಕ್ಕದ ಮನೆಯ ಸುದ್ದಿ ಹೇಳುವ ಹಾಗೆ ಹೇಳಿದಳು. ಆಮೇಲೆ ಸೆರಗನ್ನು ಸರಿಮಾಡಿಕೊಂಡು ನೆಲ ನೋಡುತ್ತ ಕೂತಳು.

"ಯಾರ ಮಗಳು, ಯಾರ ಮೊಮ್ಮಗಳು ಅಂತ ಹೇಳೂ ಮುಂದ, ಪುರೋಹಿತರಿಗೆ ಗೊತ್ತಿರಲಿಲ್ಲ. ನನ್ನ ಕೇಳಿದ್ರು. ಎಲ್ಲಾರ ಮುಂದನ ನಿಮ್ಮ ಹೆಸರು ಹೇಳಬೇಕಾತು. ಹೇಳಿದೆ."

ಮದುವೆಯಾದ ಇಷ್ಟು ವರ್ಷಗಳಲ್ಲಿ ಅವಳ ಬಾಯಿಂದ ಆ ಹೆಸರು ಒಮ್ಮೆಯೂ ಹೊರಟಿರಲಿಲ್ಲ. ಅಪ್ಪ ಮುಂದಕ್ಕೆ ಬಾಗಿ, ಸಣ್ಣ ದನಿಯಲ್ಲಿ ಕೇಳಿದರು.

"ಹೆಂಗ ಹೇಳಿದಿ? ಒಮ್ಮೆ ಹೇಳು ನೋಡೂಣು."

"ಅಲ್ಲೇ ಹೇಳೀನಿ" ಎಂದು ಅವ್ವ ಬಟ್ಟಲುಗಳನ್ನೆತ್ತಿಕೊಂಡು ಒಳಗೆ ಹೋದಳು. "ಕೇಳಬೇಕಂತಿದ್ರ ಬರಬೇಕಾಗಿತ್ತು."