ನೋವು: ಸೊನ್ನೆ

ದೆವ್ವ, ಮುನ್ಸೂಚನೆ, ಪವಾಡ ಎಂದು ಯಾರಾದರೂ ಮಾತು ತೆಗೆದರೆ ನಾನು ಎದ್ದು ಹೋಗುತ್ತಿದ್ದೆ. ನನ್ನ ಅವ್ವ ಕೊಳ್ಳೇಗಾಲದ ಒಂದು ಆಸ್ಪತ್ರೆಯಲ್ಲಿ ಕಸ ಗುಡಿಸುತ್ತಿದ್ದಳು. ಅವಳ ಮಗಳಾದ ನಾನು ಬಿ.ಎಸ್ಸಿ. ನರ್ಸಿಂಗ್ ಮುಗಿಸಿದೆ. ನಮ್ಮ ಕುಲದಲ್ಲಿ ಡಿಗ್ರಿ ಎಂಬುದನ್ನು ಕಂಡವಳು ನಾನೇ ಮೊದಲು. ಅಷ್ಟು ಕಷ್ಟಪಟ್ಟು ಕಲಿತದ್ದನ್ನು ಯಾರದೋ ಕಥೆಗೆ ಬಿಟ್ಟುಕೊಡಲು ತಯಾರಿರಲಿಲ್ಲ. ಈಗಲೂ ಪೂರ್ತಿ ತಯಾರಿಲ್ಲ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ಇದರಲ್ಲಿ ವಿಚಿತ್ರಕ್ಕಿಂತ ನನ್ನ ತಪ್ಪೇ ಹೆಚ್ಚಿದೆ.

ಎರಡು ಸಾವಿರದ ಇಸವಿ ದಾಟಿ ಎರಡೋ ಮೂರೋ ವರ್ಷವಾಗಿತ್ತು. ಚೆನ್ನೈನ ಪೋರೂರಿನ ಒಂದು ಆಸ್ಪತ್ರೆಯ ಐಸಿಯುನಲ್ಲಿ ನನಗೆ ಕೆಲಸ. ಸೌಕಾರ್‌ಪೇಟೆಯ ಸಸ್ಯಾಹಾರಿ ಹೋಟೆಲೊಂದರಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿಕೊಂಡಿದ್ದ ಶಂಕರಣ್ಣ ಎಂಬವರು ನ್ಯುಮೋನಿಯಾ ಆಗಿ ಬಂದರು. ಉಡುಪಿ ಕಡೆಯವರು. ಬಂದ ದಿನವೇ ಗಂಟಲಿಗೆ ಕೊಳವೆ ಹಾಕಿ ವೆಂಟಿಲೇಟರಿಗೆ ಜೋಡಿಸಿದರು. ಆದರೂ ಅವರ ಉಸಿರು ಮೆಷಿನ್ನಿನ ಜೊತೆ ಗುದ್ದಾಡುತ್ತಿತ್ತು. ಹಾಗಾದಾಗ ಮೈಯ ಸ್ನಾಯುಗಳೆಲ್ಲ ಸಡಿಲವಾಗುವ ಔಷಧಿ ಕೊಡುತ್ತೇವೆ. ರೋಗಿ ಬೆರಳನ್ನೂ ಅಲುಗಿಸಲಾರ, ರೆಪ್ಪೆಯನ್ನೂ ಎತ್ತಲಾರ. ಜೊತೆಗೆ ನಿದ್ದೆಯ ಔಷಧಿಯೂ ಹೋಗುತ್ತಿರುತ್ತದೆ. ಆ ನಿದ್ದೆ ಸಾಕಾಯಿತೋ ಇಲ್ಲವೋ ಎಂದು ಅವನನ್ನೇ ಕೇಳುವಂತಿಲ್ಲ.

ನಮ್ಮ ಚಾರ್ಟಿನಲ್ಲಿ ನೋವಿಗೂ ಒಂದು ಸಾಲಿತ್ತು. ಸೊನ್ನೆಯಿಂದ ಹತ್ತರವರೆಗೆ ಎಷ್ಟೆಂದು ಗಂಟೆಗೊಮ್ಮೆ ಬರೆಯಬೇಕು. ಬಾಯಲ್ಲಿ ಕೊಳವೆ ಇರುವವರನ್ನು ಏನು ಕೇಳುವುದು? ನಾವೆಲ್ಲ ಡ್ಯೂಟಿ ಹತ್ತಿದ ಕೂಡಲೇ ಇಡೀ ಪಾಳಿಯ ಸೊನ್ನೆಗಳನ್ನು ಸಾಲಾಗಿ ಬರೆದು ಮುಗಿಸುತ್ತಿದ್ದೆವು. ನನ್ನ ಸೊನ್ನೆಗಳು ಬಹಳ ದುಂಡಗಿದ್ದವು.

ಎರಡನೆಯ ದಿನ ಬೆಳಿಗ್ಗೆ ಶಂಕರಣ್ಣನ ಎಡಗೈಯಿಂದ ರಕ್ತ ತೆಗೆದೆ. ಸೂಜಿಯ ಮುಚ್ಚಳವನ್ನು ಕಿರುಬೆರಳಿನ ಸಂದಿಯಲ್ಲಿ ಸಿಕ್ಕಿಸಿಕೊಳ್ಳುವುದು ನನ್ನ ಕೆಟ್ಟ ಅಭ್ಯಾಸ. ಕೆಲಸ ಮುಗಿಸಿ ನೋಡಿದರೆ ಅದಿಲ್ಲ. ನೆಲದ ಮೇಲೆ ಕಣ್ಣಾಡಿಸಿದೆ, ಎಲ್ಲೋ ಉರುಳಿರಬೇಕೆಂದು ಬಿಟ್ಟೆ. ಆಗ ಅವರನ್ನು ಸ್ವಲ್ಪ ಅಲುಗಿಸಿದರೂ ಆಕ್ಸಿಜನ್ ಇಳಿಯುತ್ತಿತ್ತು. ಹಾಗಾಗಿ ಹೊರಳಿಸಬೇಡಿ ಎಂದು ಡಾಕ್ಟರ್ ಬರೆದಿದ್ದರು.

ಒಂದು ಗಂಟೆ ಕಳೆದಿರಬಹುದು, ನನ್ನ ಎಡಬೆನ್ನಿನಲ್ಲಿ, ರೆಕ್ಕೆಮೂಳೆಯ ಕೆಳಗೆ ನೋವು ಶುರುವಾಯಿತು. ಉಳುಕಿದ ನೋವಲ್ಲ. ಯಾರೋ ಬೆರಳಿನ ತುದಿ ಒತ್ತಿ ಹಿಡಿದು ತೆಗೆಯುತ್ತಲೇ ಇಲ್ಲವೆನ್ನುವಂಥದ್ದು. ಮಧ್ಯಾಹ್ನದ ಹೊತ್ತಿಗೆ ಪೆನ್ನು ಹಿಡಿಯುವುದೂ ಕಷ್ಟವಾಯಿತು. ನಮ್ಮ ವಾರ್ಡಿನ ಆಯಾ ಸೆಲ್ವಿ, ರಾಯಪುರಂನಿಂದ ಎರಡು ಬಸ್ಸು ಹಿಡಿದು ಬರುತ್ತಿದ್ದವಳು, ನನ್ನನ್ನು ಬಟ್ಟೆ ಬದಲಿಸುವ ಕೋಣೆಗೆ ಕರೆದೊಯ್ದು ಬಾಮ್ ಹಚ್ಚಿ ತಿಕ್ಕಿದಳು. ಓದಿದವರ ಬೆನ್ನು ಇಷ್ಟು ಮೆತ್ತಗೋ ಎಂದು ನಗಾಡಿದಳು. ತಿಕ್ಕಿದರೂ ಇಳಿಯಲಿಲ್ಲ. ಹಾಸ್ಟೆಲಿನಲ್ಲಿ ಮಲಗಿದರೂ ಇಳಿಯಲಿಲ್ಲ. ಮಾರನೆಯ ದಿನವೂ ಹಾಗೇ. ಶಂಕರಣ್ಣನ ಹಾಸಿಗೆಯ ಪಕ್ಕ ನಿಂತು ಎಷ್ಟು ಸಲ ಗೊಣಗಿದೆನೋ ಲೆಕ್ಕವಿಲ್ಲ.

ಆ ಎರಡೂ ದಿನ ಅವರ ಮುಚ್ಚಿದ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಒರೆಸಿ ಮುಲಾಮು ಹಾಕಿದೆ. ನಾಡಿ ಏರಿತ್ತು, ಜ್ವರಕ್ಕೆ ಎಂದುಕೊಂಡೆ. ನೋವು, ಸೊನ್ನೆ.

ನೋವು ಶುರುವಾದ ಮೂರನೆಯ ದಿನ ನಾನು ಕ್ಯಾಂಟೀನಿನಲ್ಲಿ ಮೊಸರನ್ನ ತಿನ್ನುತ್ತಿದ್ದೆ. ತುತ್ತು ಬಾಯಿಗಿಡುವಾಗ ಬೆನ್ನಿನ ಆ ಬೆರಳು ಹೋಯಿತು. ಮೆಲ್ಲಗೆ ಇಳಿದದ್ದಲ್ಲ, ತೆಗೆದಂತೆ ಹೋಯಿತು. ಮೈ ಅಷ್ಟು ಹಗುರವಾಯಿತೆಂದೇ ಗೋಡೆಯ ಗಡಿಯಾರ ನೋಡಿದೆ. ಹನ್ನೆರಡೂ ಇಪ್ಪತ್ತು.

ಮೇಲೆ ಬಂದರೆ ಇನ್‌ಚಾರ್ಜ್ ಸಿಸ್ಟರ್ ಅಂಗೈ ಚಾಚಿ ನಿಂತಿದ್ದರು. ಅಂಗೈಯಲ್ಲಿ ಸೂಜಿಯ ನೀಲಿ ಮುಚ್ಚಳ. ಶಂಕರಣ್ಣನ ಆಕ್ಸಿಜನ್ ಸ್ವಲ್ಪ ಸುಧಾರಿಸಿತ್ತೆಂದು ಡಾಕ್ಟರ್ ಹೊರಳಿಸಲು ಹೇಳಿದ್ದರಂತೆ. ಸಿಸ್ಟರ್ ಮತ್ತು ಸೆಲ್ವಿ ಸೇರಿ ಹೊರಳಿಸಿದಾಗ ಬೆನ್ನಿಗೆ ಕಚ್ಚಿಕೊಂಡಿತ್ತಂತೆ. ಚರ್ಮ ಕೆತ್ತಿಹೋಗಿತ್ತು. ಹೊರಳಿಸಿದ ಹೊತ್ತನ್ನು ಚಾರ್ಟಿನಲ್ಲಿ ಬರೆದಿದ್ದರು. ಹನ್ನೆರಡೂ ಇಪ್ಪತ್ತು.

ಸಿಸ್ಟರ್ ಸೆಲ್ವಿಯನ್ನು ಬೈಯುತ್ತಿದ್ದರು. ಹಾಸಿಗೆ ಹಾಸಿದವಳು ಅವಳು, ಕೊಡವದೆ ಹಾಸಿದ್ದಾಳೆ ಎಂದು.

“ಸತ್ಯಮಾ ನಾನ್ ಇಲ್ಲೆ, ಸಿಸ್ಟರ್,” ಸತ್ಯವಾಗಿ ನಾನಲ್ಲ ಎಂದಳು ಸೆಲ್ವಿ.

ನನಗೆ ಗೊತ್ತಿತ್ತು. ಬಾಯಿ ತೆರೆಯಲಿಲ್ಲ. ನೌಕರಿ ಹೋದರೆ ಊರಿಗೆ ಯಾವ ಮುಖ ತೋರಿಸಲಿ, ಡಿಗ್ರಿಯವಳು ಎಂದು ಹೇಳಿಕೊಂಡು ತಿರುಗುವ ಅವ್ವನಿಗೆ ಏನು ಹೇಳಲಿ ಎಂದೆಲ್ಲ ಒಂದೇ ಕ್ಷಣದಲ್ಲಿ ಓಡಿತು. ಅವ್ವನೂ ಇಂಥ ಬೈಗುಳ ತಿಂದೇ ನನ್ನನ್ನು ಓದಿಸಿದ್ದಳೆಂಬುದು ಮಾತ್ರ ಆಮೇಲೆ ನೆನಪಾಯಿತು.

ಸೆಲ್ವಿಯನ್ನು ಮರುದಿನವೇ ಬಟ್ಟೆ ಒಗೆಯುವ ಕಡೆಗೆ ಹಾಕಿದರು. ಹೋಗುವ ಮುಂಚೆ ನನ್ನ ಹತ್ತಿರ ಬಂದು, ತಗ್ಗಿದ ದನಿಯಲ್ಲಿ ತಮಿಳಿನಲ್ಲಿ ಒಂದೇ ಮಾತು ಹೇಳಿದಳು. ಅವರ ಬೆನ್ನಿನ ಗಾಯ, ನಾನು ನಿಮಗೆ ಬಾಮ್ ತಿಕ್ಕಿದ ಜಾಗ, ಎರಡೂ ಒಂದೇ, ಸಿಸ್ಟರ್. ಅಷ್ಟು ಹೇಳಿ ನನ್ನ ಮುಖ ನೋಡುತ್ತ ನಿಂತಳು. ಕೋಪವಿರಲಿಲ್ಲ. ನಾನು ಚಾರ್ಟ್ ತಿರುವಿದೆ.

ವಾರದ ಮೇಲೆ ಶಂಕರಣ್ಣನ ಕೊಳವೆ ತೆಗೆದರು. ದನಿ ಒಡೆದು ಗೊರಗೊರ ಎನ್ನುತ್ತಿತ್ತು. ನಾನು ಗಂಜಿ ಕುಡಿಸಲು ಹೋದಾಗ ನನ್ನ ದನಿ ಕೇಳಿದೊಡನೆ ಗುರುತು ಹಿಡಿದರು.

“ನಿಮ್ಮ ಬೆನ್ನು ಈಗ ಹೇಗುಂಟು ಸಿಸ್ಟರ್?”

ಚಮಚ ಕೈಯಲ್ಲೇ ಉಳಿಯಿತು. ನಿಮಗೆ ಹೇಗೆ ಗೊತ್ತು ಎಂದೆ.

“ಎಲ್ಲ ಕೇಳ್ತಿತ್ತು ನಂಗೆ. ಕಣ್ಣು ತೆರೀಲಿಕ್ಕೆ ಆಗ್ಲಿಲ್ಲ ಅಷ್ಟೆ. ನೀವು ಅವ್ವಾ ಅವ್ವಾ ಅಂತಿದ್ರಿ. ಎಡಬೆನ್ನು, ರೆಕ್ಕೆಮೂಳೆ ಕೆಳಗೆ ಒತ್ತುತ್ತೆ ಅಂತಿದ್ರಿ. ನಂಗೂ ಅಲ್ಲೇ ಸಿಸ್ಟರ್, ಕೆಂಡ ಇಟ್ಟ ಹಾಗೆ.” ಉಸಿರು ತೆಗೆದುಕೊಂಡು ಮತ್ತೆ ಹೇಳಿದರು: “ನೀವು ಹೇಳಿದಾಗಲೆಲ್ಲ, ಇವರಿಗೆ ಗೊತ್ತಾಯ್ತು, ಈಗ ನನ್ನ ಬೆನ್ನು ನೋಡ್ತಾರೆ ಅಂತ ಕಾಯ್ತಿದ್ದೆ.”

ಅವರು ದೂರಲಿಲ್ಲ. ಗುಣವಾದ ಮೇಲೆ ಹೋಟೆಲಿಗೆ ಬನ್ನಿ, ಗೋಳಿಬಜೆ ಮಾಡಿ ಕೊಡ್ತೇನೆ ಎಂದರು. ಮುಚ್ಚಳ ನನ್ನದೆಂದು ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಹೇಳಲಿಲ್ಲ.

ಅವರು ಕೇಳಿಸಿಕೊಂಡದ್ದಕ್ಕೆ ಕಾರಣ ಇದೆ. ನಿದ್ದೆಯ ಔಷಧಿ ಸಾಲದೆ ಹೋಗಿತ್ತು, ಅದನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಆದರೆ ನನ್ನ ಬೆನ್ನಿಗೆ ಏನಾಗಿತ್ತು? ಮುಚ್ಚಳ ಕಳೆದದ್ದು ಮನಸ್ಸಿನ ಮೂಲೆಯಲ್ಲಿ ಕೊರೆಯುತ್ತಿದ್ದಿರಬಹುದು, ಮೈ ಅದನ್ನು ನೋವು ಮಾಡಿಕೊಂಡಿರಬಹುದು. ಹಾಗಾದರೆ ಅದೇ ಜಾಗ ಯಾಕೆ? ಎರಡು ಮಹಡಿ ಕೆಳಗೆ ಕ್ಯಾಂಟೀನಿನಲ್ಲಿದ್ದ ನನ್ನ ನೋವು ಸರಿಯಾಗಿ ಹನ್ನೆರಡೂ ಇಪ್ಪತ್ತಕ್ಕೆ ಹೋದದ್ದು ಹೇಗೆ? ಇಷ್ಟು ವರ್ಷದಲ್ಲಿ ಯಾರೂ ನನಗೆ ಒಪ್ಪುವಂಥ ಉತ್ತರ ಕೊಟ್ಟಿಲ್ಲ.

ಈಗ ಹೊಸದಾಗಿ ಬರುವ ಹುಡುಗಿಯರಿಗೆ, ಸೊನ್ನೆ ಬರೆಯುವ ಮುಂಚೆ ರೋಗಿಯ ಮುಖ ನೋಡಿ, ನಾಡಿ ನೋಡಿ, ಬೆನ್ನಿನ ಕೆಳಗೆ ಕೈ ಹಾಕಿ ನೋಡಿ ಎನ್ನುತ್ತೇನೆ. ಯಾಕೆಂದು ಹೇಳುವುದಿಲ್ಲ. ಸೆಲ್ವಿ ಕೆಲವು ತಿಂಗಳ ನಂತರ ಕೆಲಸ ಬಿಟ್ಟಳು. ರಾಯಪುರಂನ ಅವಳ ಬೀದಿಯ ಹೆಸರು ನನ್ನ ಹತ್ತಿರ ಇತ್ತು. ಒಮ್ಮೆ ಬಸ್ಸಿನಲ್ಲಿ ಆ ಬೀದಿಯ ತಿರುವಿನವರೆಗೂ ಹೋದೆ. ಇಳಿಯಲಿಲ್ಲ. ಆವತ್ತು ನನ್ನ ಮುಖ ನೋಡುತ್ತ ನಿಂತಾಗ ಅವಳಿಗೆ ಎಷ್ಟು ಗೊತ್ತಿತ್ತು ಎಂಬುದೂ ನನಗೆ ಗೊತ್ತಿಲ್ಲ.